ಅಗ್ಗದ ಮದರ್‌ಬೋರ್ಡಲ್ಲಿ ಓವರ್‌ಕ್ಲಾಕ್ ಮಾಡಬಹುದಾ? ನಾನು ಮಾಡಿದ್ದೆ, ಏನಾಯ್ತು ಹೇಳ್ತೀನಿ

ಎಎಂಡಿಯ ರೈಜನ್ 5 5600 ಪ್ರೊಸೆಸರ್ ತಗೊಂಡು ಓವರ್‌ಕ್ಲಾಕ್ ಮಾಡಬೇಕು (ಅಂದರೆ ಕಂಪನಿ ಇಟ್ಟ ಸ್ಪೀಡಿಗಿಂತ ಮೇಲೆ ಓಡಿಸಬೇಕು), ಮದರ್‌ಬೋರ್ಡಿಗೆ 6,000ಕ್ಕಿಂತ ಹೆಚ್ಚು ಹಾಕೋಕಾಗಲ್ಲ, ಎ520 ಚಿಪ್‌ಸೆಟ್ಟಿನ (ಬೋರ್ಡಿನ ಭಾಗಗಳನ್ನ ಜೋಡಿಸೋ ಮುಖ್ಯ ಚಿಪ್) ಬೋರ್ಡ್ ಸಾಕಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ 2013ರ ನನ್ನ ಕಥೆಯೇ ನೆನಪಾಯ್ತು.

ಆಗ ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಅಪ್ಪ ಕೊಟ್ಟದ್ದು, ಟ್ಯೂಷನ್ ಹೇಳಿ ಕೂಡಿಟ್ಟದ್ದು ಎಲ್ಲ ಸೇರಿ 45,000 ಕೈಯಲ್ಲಿತ್ತು. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದು, ಎಸ್.ಪಿ. ರೋಡಿನ ಅಂಗಡಿಗಳು ಬಾಗಿಲು ತೆಗೆಯೋವರೆಗೆ ಕಾದು ನಿಂತಿದ್ದೆ. ಪ್ರೊಸೆಸರ್ ಮೊದಲೇ ತೀರ್ಮಾನವಾಗಿತ್ತು. ಎಎಂಡಿ ಎಫ್‌ಎಕ್ಸ್-8350, ಎಂಟು ಕೋರ್, 4 ಗಿಗಾಹರ್ಟ್ಸ್, 125 ವ್ಯಾಟ್, ಮಲ್ಟಿಪ್ಲೈಯರಿಗೆ ಲಾಕ್ ಇಲ್ಲ, ಅಂದರೆ ಸ್ಪೀಡನ್ನ ನಾವೇ ಏರಿಸಬಹುದು. ಗ್ರಾಫಿಕ್ಸ್ ಕಾರ್ಡಿಗೂ ಲಿಕ್ವಿಡ್ ಕೂಲರಿಗೂ ಕೈ ಬಿಚ್ಚಿ ಖರ್ಚು ಮಾಡಿದ ಮೇಲೆ ಬೋರ್ಡಿಗೆ ಉಳಿದದ್ದು 3,500. ಅಷ್ಟಕ್ಕೆ 760ಜಿ ಚಿಪ್‌ಸೆಟ್ಟಿನ ಒಂದು ಬೋರ್ಡ್ ಸಿಕ್ಕಿತು. ಬೋರ್ಡಿನವರ ಸಪೋರ್ಟ್ ಲಿಸ್ಟಲ್ಲಿ 8350 ಹೆಸರಿತ್ತು. ಅಂಗಡಿಯವರೂ "ಲಿಸ್ಟಲ್ಲಿದೆಯಲ್ಲ ಸರ್, ಓಡುತ್ತೆ" ಅಂದರು. ಅವರು ಸುಳ್ಳು ಹೇಳಲಿಲ್ಲ, ನಿಜಕ್ಕೂ ಓಡಿತು. ಆದರೆ ಓಡೋದು ಬೇರೆ, ಓವರ್‌ಕ್ಲಾಕ್ ತಡೆದುಕೊಳ್ಳೋದು ಬೇರೆ.

ಮನೆಗೆ ಬಂದು 1.45 ವೋಲ್ಟಲ್ಲಿ 4.5 ಗಿಗಾಹರ್ಟ್ಸ್‌ಗೆ ಏರಿಸಿದೆ. ಪ್ರೊಸೆಸರ್ ಟೆಂಪರೇಚರ್ 52 ಡಿಗ್ರಿ ದಾಟಲಿಲ್ಲ. ಆದರೂ ಆಟ ಶುರುವಾಗಿ ಹತ್ತು ನಿಮಿಷಕ್ಕೆ ಪರದೆ ತಡೆದು ತಡೆದು ಓಡೋದು. ಡ್ರೈವರ್ ಬದಲಾಯಿಸಿದೆ, ವಿಂಡೋಸ್ ಮೂರು ಸಲ ಹಾಕಿದೆ, ಥರ್ಮಲ್ ಪೇಸ್ಟ್ ಒರೆಸಿ ಮತ್ತೆ ಹಚ್ಚಿದೆ. ಮೂರು ವಾರ ಹೀಗೇ ಕಳೆಯಿತು. ಒಂದು ದಿನ ಆಟದ ಪಕ್ಕದಲ್ಲೇ ಕ್ಲಾಕ್ ಸ್ಪೀಡ್ ತೋರಿಸೋ ಸಾಫ್ಟ್‌ವೇರ್ ತೆರೆದಿಟ್ಟು ನೋಡಿದರೆ, 4.5 ಇದ್ದದ್ದು ಧಡಕ್ಕನೆ 1.4ಕ್ಕೆ ಬೀಳ್ತಿತ್ತು. ಕೆಲವು ಸೆಕೆಂಡ್ ಬಿಟ್ಟು ಮೇಲೆ ಏರೋದು, ಮತ್ತೆ ಬೀಳೋದು. ಕೇಸಿನ ಬಾಗಿಲು ತೆಗೆದು, ಅಡುಗೆಮನೆಯ ಟೇಬಲ್ ಫ್ಯಾನ್ ತಂದು ನೇರ ಬೋರ್ಡಿಗೆ ಹಿಡಿದೆ. ಬೀಳೋದು ನಿಂತೇ ಹೋಯ್ತು. ಫ್ಯಾನನ್ನ ಬೇರೆ ಕಡೆ ತಿರುಗಿಸಿದರೆ ಎರಡೇ ನಿಮಿಷಕ್ಕೆ ಮತ್ತೆ 1.4.

ನನ್ನ ತಪ್ಪು ಬೋರ್ಡಲ್ಲಿತ್ತು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಯಾರೂ ನನಗೆ ಹೇಳಿರಲಿಲ್ಲ.

ಪವರ್ ಸಪ್ಲೈಯಿಂದ ಬೋರ್ಡಿಗೆ ಬರೋದು 12 ವೋಲ್ಟ್. ಪ್ರೊಸೆಸರಿಗೆ ಬೇಕಾದ್ದು ಒಂದೂವರೆಗಿಂತ ಕಡಿಮೆ. ಅದನ್ನ ಇಳಿಸೋ ಕೆಲಸ ಸಾಕೆಟ್ಟಿನ ಪಕ್ಕ ಸಾಲಾಗಿ ಕೂತಿರೋ ಚಿಕ್ಕ ಕಪ್ಪು ಚೌಕಗಳದ್ದು, ಅಂದರೆ ಮಾಸ್‌ಫೆಟ್‌ಗಳದ್ದು. ಜೊತೆಗೆ ಕಾಯಿಲ್, ಕೆಪಾಸಿಟರ್. ಇಷ್ಟೂ ಸೇರಿ ವಿಆರ್‌ಎಂ. 1.35 ವೋಲ್ಟಲ್ಲಿ 125 ವ್ಯಾಟ್ ಅಂದರೆ ಸುಮಾರು 93 ಆಂಪಿಯರ್ ಕರೆಂಟ್. ಪ್ರೊಸೆಸರ್ ಎಳೆಯೋ ಪವರ್ ಕ್ಲಾಕಿನ ಜೊತೆ ನೇರವಾಗಿ ಏರುತ್ತೆ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತೆ. ನನ್ನ 4.5ಕ್ಕೂ 1.45ಕ್ಕೂ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 162 ವ್ಯಾಟ್, 112 ಆಂಪಿಯರ್. ಕರೆಂಟ್ ಏರಿದ್ದು ಸುಮಾರು ಐದನೇ ಒಂದು ಭಾಗ ಅಷ್ಟೇ. ಆದರೆ ಮಾಸ್‌ಫೆಟ್ಟಿನ ರೆಸಿಸ್ಟೆನ್ಸಿನಿಂದ ಹುಟ್ಟೋ ಬಿಸಿಯೂ ಕರೆಂಟಿನ ವರ್ಗಕ್ಕೆ ಏರುತ್ತೆ, ಹಾಗಾಗಿ ಬಿಸಿ ಏರಿದ್ದು ನೂರಕ್ಕೆ ಸುಮಾರು ನಲವತ್ತೈದು. ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇನ್ನೂ ಏರುತ್ತೆ. ನನ್ನ ಬೋರ್ಡಲ್ಲಿ ಇಷ್ಟನ್ನೂ ಹೊರುತ್ತಿದ್ದದ್ದು ನಾಲ್ಕೇ ಫೇಸ್ (ಮಾಸ್‌ಫೆಟ್, ಕಾಯಿಲ್ ಸೇರಿದ ಒಂದೊಂದು ಜೋಡಣೆ), ಮೇಲೆ ಬಿಸಿ ಹೀರೋ ಲೋಹದ ಹೀಟ್‌ಸಿಂಕ್ ಇಲ್ಲ. ಆ ಬಿಸಿ ಮಿತಿ ಮೀರಿದಾಗಲೆಲ್ಲ ಕ್ಲಾಕ್ 1.4ಕ್ಕೆ ಬೀಳ್ತಿತ್ತು.

ಅದಕ್ಕಿಂತ ದೊಡ್ಡ ತಪ್ಪು ಕೂಲರಿನದು. ಪ್ರೊಸೆಸರ್ ಜೊತೆ ಬಂದ ಕೂಲರ್ ಗಾಳಿಯನ್ನ ಕೆಳಕ್ಕೆ ಊದುತ್ತೆ, ಆ ಗಾಳಿ ಸುತ್ತಲಿನ ಮಾಸ್‌ಫೆಟ್‌ಗಳಿಗೂ ತಾಗುತ್ತೆ. ಸದ್ದು ಜಾಸ್ತಿ ಅಂತ ಅದನ್ನ ಡಬ್ಬಕ್ಕೆ ಹಾಕಿಟ್ಟು ಲಿಕ್ವಿಡ್ ಕೂಲರ್ ಕೂರಿಸಿದ್ದೆ. ಪ್ರೊಸೆಸರ್ ತಣ್ಣಗಾಯ್ತು, ವಿಆರ್‌ಎಂಗೆ ಸಿಗ್ತಿದ್ದ ಅಷ್ಟಿಷ್ಟು ಗಾಳಿಯೂ ನಿಂತಿತು. ಅದೂ ಬಳ್ಳಾರಿಯ ಬೇಸಿಗೆಯಲ್ಲಿ. ನಾನು 52 ಡಿಗ್ರಿ ನೋಡಿ ಸಮಾಧಾನವಾಗಿದ್ದೆ. ವಿಆರ್‌ಎಂ ಟೆಂಪರೇಚರ್ ತೋರಿಸೋ ಸೆನ್ಸರ್ ಆ ಬೋರ್ಡಲ್ಲಿ ಇರಲೇ ಇಲ್ಲ.

ಕಾರಣ ಗೊತ್ತಾದ ಮೇಲೂ ಫ್ಯಾನ್ ಇಟ್ಟುಕೊಂಡು ಆಡ್ತಾ ಇದ್ದೆ. ಒಂದು ರಾತ್ರಿ ಸುಟ್ಟ ವಾಸನೆ ಬಂದು ಆಫ್ ಆಯ್ತು. ಬಿಚ್ಚಿ ನೋಡಿದರೆ ಮಾಸ್‌ಫೆಟ್ ಸಾಲಿನ ಹಿಂಬದಿಯಲ್ಲಿ ಬೋರ್ಡ್ ಚಹಾ ಚೆಲ್ಲಿದ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಪ್ರೊಸೆಸರಿಗೆ ಕರೆಂಟ್ ಕೊಡೋ 4 ಪಿನ್ ಕನೆಕ್ಟರ್ ಹಳದಿಯಾಗಿ, ಕಿತ್ತರೂ ಬರದ ಹಾಗೆ ಅಂಟಿಕೊಂಡಿತ್ತು. ಚಿಪ್‌ಸೆಟ್ಟನ್ನ ನಾನು ದೂರಲ್ಲ, ಅದಕ್ಕೆ ಇದರಲ್ಲಿ ಸಂಬಂಧವೇ ಇಲ್ಲ. ಪುಣ್ಯಕ್ಕೆ ಪ್ರೊಸೆಸರ್ ಉಳಿಯಿತು. ಇನ್ನೊಂದು 6,500 ಕೊಟ್ಟು, ಹೀಟ್‌ಸಿಂಕ್ ಮತ್ತು 8 ಪಿನ್ ಇರೋ 970 ಚಿಪ್‌ಸೆಟ್ಟಿನ ಬೋರ್ಡ್ ತಂದೆ. 3,000 ಉಳಿಸೋಕೆ ಹೋಗಿ ಬೋರ್ಡಿಗೇ ಒಟ್ಟು 10,000 ಸುರಿದೆ. ಎರಡನೇ ಸಲ ಕೇಳಿದಾಗ ಅಪ್ಪ ಏನೂ ಅನ್ನದೆ ಕೊಟ್ಟರು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತೆ.

ಈಗ ನಿಮ್ಮ ವಿಷಯ. ಎ520ಯಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡೋ ಅವಕಾಶವನ್ನ ಎಎಂಡಿ ಕೊಟ್ಟೇ ಇಲ್ಲ. ಬಿ450, ಬಿ550, ಎಕ್ಸ್570ಯಲ್ಲಿ ಇದೆ. ಆದರೆ ನನ್ನ ಮಾತು ಕೇಳೋದಾದರೆ 5600 ಅನ್ನ ಓವರ್‌ಕ್ಲಾಕ್ ಮಾಡೋ ಆಸೆಯನ್ನೇ ಬಿಡಿ. 2013ರ ಪ್ರೊಸೆಸರುಗಳಲ್ಲಿ ಕೈಯಾರೆ ಏರಿಸಿದರೆ ಲಾಭ ಕಾಣ್ತಿತ್ತು. 5600 ತಾನಾಗೇ 4.4 ಗಿಗಾಹರ್ಟ್ಸ್‌ವರೆಗೆ ಹೋಗುತ್ತೆ, ಅದರ ಮೇಲೆ ಸಿಗೋದು ತೀರಾ ಕಡಿಮೆ. ಹಾಗೇ ಬಿಟ್ಟರೆ ಸಾಕೆಟ್ಟಿನಿಂದ ಅದು ಎಳೆಯೋದು 76 ವ್ಯಾಟಿನ ಮಿತಿಯೊಳಗೇ, ಸಾಧಾರಣ ಬೋರ್ಡೂ ಆರಾಮಾಗಿ ಹೊರುತ್ತೆ. ರ‍್ಯಾಮಿಗೆ ಎಕ್ಸ್‌ಎಂಪಿ (ರ‍್ಯಾಮನ್ನ ಅದರ ಪೂರ್ತಿ ಸ್ಪೀಡಲ್ಲಿ ಓಡಿಸೋ ಸೆಟ್ಟಿಂಗ್) ಆನ್ ಮಾಡಿ, ಅಷ್ಟು ಸಾಕು. ಅದು ಎ520ಯಲ್ಲೂ ಆಗುತ್ತೆ. ಉಳಿದ ದುಡ್ಡೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ.

ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್ ಹಾಕೋ ಯೋಚನೆ ಇದ್ದರೆ ಬಿ550ಯೇ ಬೇಕು. ಆ ಕಾರ್ಡಿಗೆ ಡೇಟಾ ಹೋಗಿಬರೋ ದಾರಿಗಳು (ಲೇನ್) ನಾಲ್ಕೇ, ಆ ದಾರಿಯ ಹಳೇ, ನಿಧಾನದ ತಲೆಮಾರು ಪಿಸಿಐಇ 3.0 ಇರೋ ಎ520, ಬಿ450ಯಲ್ಲಿ ಅದು ಸೊರಗುತ್ತೆ. ಬಿ450 ಕೊಳ್ಳೋದಾದರೆ ಹಳೇ ಸ್ಟಾಕ್ ಇರಬಹುದು, ಅದರೊಳಗಿನ ಹಳೇ ಬಯಾಸ್ (ಬೋರ್ಡಿನ ಸಾಫ್ಟ್‌ವೇರ್) 5600 ಅನ್ನ ಗುರುತಿಸದೇ ಇರಬಹುದು. 5600 ಹಾಕಿ ಪರದೆ ಬರೋದನ್ನ ಅಂಗಡಿಯಲ್ಲೇ ನೋಡಿ, ಆಮೇಲೆ ದುಡ್ಡು ಕೊಡಿ.

ಇಷ್ಟು ಹೇಳಿದ ಮೇಲೂ ಓವರ್‌ಕ್ಲಾಕ್ ಮಾಡಿಯೇ ತೀರ್ತೀನಿ ಅಂದರೆ, ಡಬ್ಬದ ಮೇಲಿನ ಫೇಸ್ ಸಂಖ್ಯೆ ನಂಬಬೇಡಿ, ಒಂದೇ ಫೇಸಿಗೆ ಎರಡು ಕಾಯಿಲ್ ಹಾಕಿ ಎರಡು ಅಂತ ಎಣಿಸಿರೋದೂ ಇರುತ್ತೆ. ಮಾಸ್‌ಫೆಟ್‌ಗಳ ಮೇಲೆ ಸ್ಕ್ರೂ ಹಾಕಿ ಕೂರಿಸಿದ ಹೀಟ್‌ಸಿಂಕ್ ಇದೆಯಾ, 8 ಪಿನ್ ಕನೆಕ್ಟರ್ ಇದೆಯಾ ಅಂತ ಕಣ್ಣಾರೆ ನೋಡಿ. 5600 ಜೊತೆ ಬರೋ ಕೂಲರ್ ಕೆಳಕ್ಕೇ ಊದುತ್ತೆ, ಅದನ್ನ ತೆಗೆದರೆ ಬೋರ್ಡಿಗೆ ಗಾಳಿ ಬರೋ ಹಾಗೆ ಕೇಸಲ್ಲಿ ಒಂದು ಫ್ಯಾನ್ ಇರಲೇಬೇಕು.

ಪವರ್ ಸಪ್ಲೈ ಯಾವುದು, ಕೇಸ್ ಯಾವುದು ಅಂತ ನೀವು ಬರೆದಿಲ್ಲ. ಅದನ್ನೂ ಹಾಕಿ. ಬೋರ್ಡ್ ಕೊಳ್ಳೋ ಮುಂಚೆ ಸಾಕೆಟ್ ಸುತ್ತಲಿನ ಫೋಟೊ ಹಾಕಿದರೆ ನೋಡಿ ಹೇಳ್ತೀನಿ.