ಪಿಯುಸಿಯಲ್ಲಿ ಕಾಮರ್ಸ್ ಓದಿದವರು ನರ್ಸಿಂಗ್ ಸೇರಬಹುದಾ?

ಬಿಎಸ್ಸಿ ನರ್ಸಿಂಗ್‌ಗೆ ಆಗಲ್ಲ. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಎಂಬ ಡಿಪ್ಲೊಮಾಗೆ ಆಗುತ್ತೆ.

ಬಿಎಸ್ಸಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ, ಇಂಗ್ಲಿಷ್‌ ಪಾಸಾಗಿರಬೇಕು. ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕ, ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು.

ವಿಜ್ಞಾನವೇ ಯಾಕೆ? ಮೊದಲ ವರ್ಷದಲ್ಲೇ ಅಂಗರಚನೆ, ಜೀವರಸಾಯನ ಶುರುವಾಗುತ್ತೆ, ಬುನಾದಿ ಹಾಕಿಸಿಕೊಳ್ಳೋಕೆ ಪುರುಸೊತ್ತಿರಲ್ಲ. ಮುಂದೆ ವಾರ್ಡಿನಲ್ಲಿ 5 ಎಂಎಲ್‌ನಲ್ಲಿ 500 ಎಂಜಿ ಇರುವ ಬಾಟಲಿ ಕೈಗೆ ಬರುತ್ತೆ, ಚೀಟಿಯಲ್ಲಿ 250 ಎಂಜಿ ಅಂತಿರುತ್ತೆ. ಸಿರಿಂಜಿಗೆ ಎಳೆಯಬೇಕಾದ್ದು 2.5 ಎಂಎಲ್. ಈ ಲೆಕ್ಕ ಕಾಮರ್ಸ್‌ನವರಿಗೂ ಸಲೀಸು, ಬಿಡಿ. ಆದರೆ ಆ ಔಷಧ ಮೂತ್ರಪಿಂಡಕ್ಕೆ ಏನು ಮಾಡುತ್ತೆ ಅಂತ ತಿಳಿಯೋಕೆ ವಿಜ್ಞಾನ ಬೇಕು.

ಜಿಎನ್‌ಎಂ ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡರೆ, ಡಿಪ್ಲೊಮಾ ಮುಗಿಸಿದ ನರ್ಸ್‌ಗಳಿಗಾಗಿಯೇ ಇರುವ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು.