10 ಸ್ಪೀಡ್ ರೋಡ್ ಬೈಕಿಗೆ 11 ಸ್ಪೀಡಿನ ಚಕ್ರ ಕೊಳ್ಳಬಹುದೇ?

ರಿಮ್ ಬ್ರೇಕ್ ಮತ್ತು ಶಿಮಾನೊ 10 ಸ್ಪೀಡ್ ಗೇರುಗಳಿರುವ ರೋಡ್ ಬೈಕಿಗೆ ಈಗ ಹೊಸ ಚಕ್ರಗಳನ್ನು ಹಾಕಿಸಿ, ಮುಂದೊಂದು ದಿನ 11 ಸ್ಪೀಡಿಗೆ ಬದಲಾಯಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಬದಲಾಯಿಸಬಹುದು, ಚಕ್ರವನ್ನು ಮೊದಲು ಕೊಳ್ಳುವ ನಿಮ್ಮ ಕ್ರಮವೂ ಸರಿಯಾದದ್ದೇ. ಆದರೆ ‘ಸ್ಪೀಡ್’ ಎಂಬ ಸಂಖ್ಯೆಯೊಂದನ್ನೇ, ಅಂದರೆ ಹಿಂದಿನ ಹಲ್ಲುಚಕ್ರಗಳ ಎಣಿಕೆಯೊಂದನ್ನೇ ನಂಬಿ ಏನನ್ನೂ ಕೊಳ್ಳಬೇಡಿ.

ಮೊದಲು ಹಿಂದಿನ ಚಕ್ರವನ್ನು ಬಿಚ್ಚಿ, ಅದು ಕೂರುವ ಜಾಗದಲ್ಲಿ ಫ್ರೇಮಿನ ಎರಡು ಕವಲುಗಳ ನಡುವಿನ ಒಳ ಅಂತರವನ್ನು ಅಳೆಯಿರಿ. ರಿಮ್ ಬ್ರೇಕಿನ 10 ಸ್ಪೀಡ್ ಬೈಕಿನಲ್ಲಿ ಅದು ಸಾಮಾನ್ಯವಾಗಿ 130 ಮಿ.ಮೀ. ಇರುತ್ತದೆ, 11 ಸ್ಪೀಡಿನ ರಿಮ್ ಬ್ರೇಕ್ ಚಕ್ರಕ್ಕೂ ಬೇಕಾದದ್ದು ಅಷ್ಟೇ. ಡಿಸ್ಕ್ ಬ್ರೇಕಿನ ಚಕ್ರಗಳು ಈಗ ಹೆಚ್ಚಾಗಿ 142 ಮಿ.ಮೀ. ಅಗಲಕ್ಕೆ, 12 ಮಿ.ಮೀ. ದಪ್ಪದ ಥ್ರೂ ಆಕ್ಸಲಿಗೆಂದು (ಚಕ್ರದ ನಡುವಿನಿಂದ ತೂರಿಹೋಗುವ ಅಚ್ಚಿಗೆಂದು) ತಯಾರಾಗುವುದರಿಂದ, ಎಷ್ಟೇ ಅಗ್ಗವಾಗಿ ಸಿಕ್ಕರೂ ಅವು ನಿಮ್ಮ ಫ್ರೇಮಿಗೆ ಬರುವುದಿಲ್ಲ.

ನಿಜವಾದ ತೊಡಕು ಇರುವುದು ಫ್ರೀಹಬ್‌ನಲ್ಲಿ, ಅಂದರೆ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಕೂರುವ, ಉದ್ದನೆಯ ತೋಡುಗಳುಳ್ಳ ಕೊಳವೆಯಲ್ಲಿ. ಶಿಮಾನೊ ರೋಡ್ ಬೈಕುಗಳ 11 ಸ್ಪೀಡಿನ ಫ್ರೀಹಬ್ 8, 9 ಮತ್ತು 10 ಸ್ಪೀಡಿನದಕ್ಕಿಂತ 1.85 ಮಿ.ಮೀ. ಉದ್ದವಾಗಿದೆ. ಉದ್ದವಾದುದರ ಮೇಲೆ ಹಳೆಯ ಕ್ಯಾಸೆಟನ್ನು ಕೂರಿಸಲು ಹಿಂದೆ 1.85 ಮಿ.ಮೀ. ದಪ್ಪದ ಸ್ಪೇಸರ್ (ಅಂತರ ತುಂಬುವ ಬಳೆ) ಹಾಕಿದರೆ ಆಯಿತು; 10 ಸ್ಪೀಡಿನದಕ್ಕೆ ಸಾಮಾನ್ಯವಾಗಿ ಇನ್ನೂ ಒಂದು ಬೇಕಾಗುವುದನ್ನು ಮುಂದೆ ಹೇಳುತ್ತೇನೆ. ಗಿಡ್ಡ ಫ್ರೀಹಬ್ಬಿನ ಮೇಲೆ 11 ಸ್ಪೀಡಿನ ಸಾಮಾನ್ಯ ರೋಡ್ ಕ್ಯಾಸೆಟನ್ನು ಕೂರಿಸಲು ಮಾತ್ರ ಹಾಗೆ ಸುಲಭದ ದಾರಿಯಿಲ್ಲ. ಆದ್ದರಿಂದ 11 ಸ್ಪೀಡಿನ ಚಕ್ರ ಇಂದಿಗೂ ಮುಂದಿಗೂ ಆಗುತ್ತದೆ.

ಇಲ್ಲಿ ನಾನು ಎಡವಿದ್ದನ್ನು ಹೇಳಿಬಿಡುತ್ತೇನೆ. ಹೊಸ ಚಕ್ರಕ್ಕೆ ಹಳೆಯ 10 ಸ್ಪೀಡ್ ಕ್ಯಾಸೆಟನ್ನು 1.85ರ ಸ್ಪೇಸರಿನೊಂದಿಗೆ ಹಾಕಿ, ಅದನ್ನು ಹಿಡಿದಿಡುವ ಲಾಕ್‌ರಿಂಗನ್ನು ಕೊನೆಯವರೆಗೂ ಬಿಗಿ ಮಾಡಿದ್ದೆ. ಆದರೂ ಹಲ್ಲುಚಕ್ರಗಳು ಕೈಗೆ ಅಲುಗಾಡುತ್ತಿದ್ದವು. ಒಂದು ವಾರ, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರಿನ ತಿರುಪುಗಳನ್ನು ತಿರುಗಿಸಿ ತಿರುಗಿಸಿ ಸೋತ ಮೇಲೆ ಹಳೆಯ ಚಕ್ರವನ್ನು ನೋಡಿದರೆ, ಕ್ಯಾಸೆಟಿನ ಹಿಂದಿದ್ದ 1 ಮಿ.ಮೀ.ನ ತೆಳು ಸ್ಪೇಸರ್ ಅಲ್ಲೇ ಅಂಟಿಕೊಂಡು ಕುಳಿತಿತ್ತು. ಶಿಮಾನೊದ ಹೆಚ್ಚಿನ 10 ಸ್ಪೀಡ್ ರೋಡ್ ಕ್ಯಾಸೆಟುಗಳಿಗೆ ಅದೂ ಬೇಕು, ಅದರ ಜೊತೆಗೆ 1.85ರದ್ದೂ ಬೇಕು.

ಇನ್ನೊಂದು ಒಳದಾರಿಯೂ ಇದೆ. ಶಿಮಾನೊದ 11-34 ಹಲ್ಲುಗಳ ಎಚ್‌ಜಿ700 ಮತ್ತು ಎಚ್‌ಜಿ800 ಕ್ಯಾಸೆಟುಗಳು 11 ಸ್ಪೀಡಿನವೇ ಆದರೂ 10 ಸ್ಪೀಡಿನ ಗಿಡ್ಡ ಫ್ರೀಹಬ್ಬಿನ ಮೇಲೆ ಕೂರುತ್ತವೆ, ಏಕೆಂದರೆ ಅವುಗಳ ದೊಡ್ಡ ಹಲ್ಲುಚಕ್ರ ಕಡ್ಡಿಗಳ ಕಡೆಗೆ ಹೊರಚಾಚಿರುತ್ತದೆ. 11 ಸ್ಪೀಡ್ ಬೇಕೆಂಬ ಒಂದೇ ಕಾರಣಕ್ಕೆ ಚಕ್ರ ಬದಲಿಸುವ ಅಗತ್ಯವಿಲ್ಲ ಎಂದು ನಾನು ಹೇಳುವುದು ಇದರಿಂದಲೇ. ಬೇರೆ ಕಂಪನಿಗಳ ವಿಷಯಕ್ಕೆ ಬಂದರೆ, ಕ್ಯಾಂಪಗ್ನೋಲೊ ಫ್ರೀಹಬ್ಬಿನ ತೋಡುಗಳು ಬೇರೆ, 10 ಹಲ್ಲಿನಿಂದ ಶುರುವಾಗುವ ಸ್ರಾಮ್ ರೋಡ್ ಕ್ಯಾಸೆಟುಗಳಿಗೆ ಇನ್ನೊಂದು ಬಗೆಯ ಎಕ್ಸ್‌ಡಿಆರ್ ಫ್ರೀಹಬ್ ಬೇಕು. ಕೊಳ್ಳುವ ಚಕ್ರದಲ್ಲಿ ಯಾವುದಿದೆ ಎಂದು ಕೇಳಿಕೊಳ್ಳಿ.

11 ಸ್ಪೀಡಿಗೆ ಹೋಗುವಾಗ ಶಿಫ್ಟರ್ (ಗೇರ್ ಬದಲಿಸುವ ಹಿಡಿ) ಮತ್ತು ಡಿರೇಲರುಗಳನ್ನು ಒಟ್ಟಿಗೇ ಬದಲಿಸಬೇಕಾಗುತ್ತದೆ. ಒಂದು ಗೇರಿಗೆ ಶಿಫ್ಟರ್ ಎಷ್ಟು ಕೇಬಲ್ ಎಳೆಯುತ್ತದೆ, ಅಷ್ಟು ಎಳೆತಕ್ಕೆ ಡಿರೇಲರ್ ಎಷ್ಟು ಸರಿಯುತ್ತದೆ ಎಂಬ ಲೆಕ್ಕ ಶಿಮಾನೊದ ಹಳೆಯ 10 ಮತ್ತು 11 ಸ್ಪೀಡ್ ರೋಡ್ ಭಾಗಗಳಲ್ಲಿ ಬೇರೆ ಬೇರೆ; ಮುಂದಿನ ಡಿರೇಲರಿನದೂ ಹಾಗೆಯೇ. ಶಿಮಾನೊದ ಟಿಯಾಗ್ರಾ 4700 ಎಂಬ ಗೇರ್ ಸರಣಿ 10 ಸ್ಪೀಡಿನದಾದರೂ 11ರ ಲೆಕ್ಕವನ್ನೇ ಅನುಸರಿಸುತ್ತದೆ, ಹಾಗಾಗಿ ತನ್ನ ಹಿಂದಿನ 10 ಸ್ಪೀಡಿನ ಭಾಗಗಳೊಂದಿಗೆ ಅದು ಹೊಂದುವುದಿಲ್ಲ. ನಿಮ್ಮ ಡಿರೇಲರಿನ ಹಿಂಬದಿಯಲ್ಲಿ ಅಚ್ಚಾಗಿರುವ ಮಾದರಿ ಸಂಖ್ಯೆಯನ್ನು ಓದಿಕೊಳ್ಳದೆ ಮುಂದುವರಿಯಬೇಡಿ.

ಹಿಂದಿನ ಡಿರೇಲರಿನ ಸಾಮರ್ಥ್ಯದ, ಅಂದರೆ ಅದು ಎಷ್ಟು ಚೈನ್ ಸಡಿಲವನ್ನು ಎಳೆದಿಡಬಲ್ಲದು ಎಂಬುದರ ಲೆಕ್ಕ ಸರಳವಾಗಿದೆ. ಮುಂದೆ 50 ಮತ್ತು 34, ಹಿಂದೆ 11ರಿಂದ 34 ಹಲ್ಲುಗಳಿದ್ದರೆ, ಮುಂದಿನ ಮತ್ತು ಹಿಂದಿನ ವ್ಯತ್ಯಾಸಗಳಾದ 16 ಮತ್ತು 23ನ್ನು ಕೂಡಿ 39. ಶಿಮಾನೊದ 11 ಸ್ಪೀಡ್ ಸರಣಿ 105 ಆರ್7000ರ ಉದ್ದ ಕೇಜಿನ (ಚೈನನ್ನು ಬಿಗಿಯಾಗಿಡುವ ತೋಳಿನ) ಡಿರೇಲರಿಗೆ ಇದು ಸರಿಯಾಗಿ ಮಿತಿಯಲ್ಲಿದೆ. ಗಿಡ್ಡ ಕೇಜಿನದು ಹಿಂದೆ 30 ಹಲ್ಲಿನವರೆಗೆ, ಒಟ್ಟು 35ರವರೆಗೆ ಮಾತ್ರ. ಚೈನನ್ನು ಕ್ಯಾಸೆಟಿನ ಸ್ಪೀಡಿಗೆ ತಕ್ಕಂತೆ ಹೊಸದೇ ಹಾಕಿ. ನನ್ನ ಹಳೆಯ 10 ಸ್ಪೀಡ್ ಕ್ರ್ಯಾಂಕ್ (ಪೆಡಲ್ ತೋಳು ಮತ್ತು ಮುಂದಿನ ಹಲ್ಲುಚಕ್ರಗಳು) 11ರ ಚೈನಿನೊಂದಿಗೆ ತಕರಾರಿಲ್ಲದೆ ಓಡುತ್ತಿದೆ.

ಹೊಸ ರಿಮ್‌ಗಳು ಸಾಮಾನ್ಯವಾಗಿ ಹಳೆಯವಕ್ಕಿಂತ ಅಗಲವಾಗಿರುವುದರಿಂದ ಬ್ರೇಕ್ ತೋಳುಗಳು ಅಷ್ಟು ತೆರೆದುಕೊಳ್ಳುತ್ತವೆಯೇ ಎಂದು ಪರೀಕ್ಷಿಸಿ. ಕಾರ್ಬನ್ ರಿಮ್ ಆದರೆ ಅದಕ್ಕೆಂದೇ ಇರುವ ಬ್ರೇಕ್ ಪ್ಯಾಡ್ ಬೇಕು. ಅದೇ 25 ಮಿ.ಮೀ.ನ ಟೈರ್ ಅಗಲವಾದ ರಿಮ್ ಮೇಲೆ ಇನ್ನಷ್ಟು ಉಬ್ಬುತ್ತದೆ. ಆದ್ದರಿಂದ ಬ್ರೇಕ್ ಸೇತುವೆಯ (ಫ್ರೇಮಿನಲ್ಲಿ ಬ್ರೇಕ್ ಕೂರುವ ಅಡ್ಡಕೊಳವೆಯ) ಕೆಳಗಿನ ಜಾಗವನ್ನು ಟೈರಿನ ಮೇಲೆ ಬರೆದ ಸಂಖ್ಯೆ ನೋಡಿ ನಿರ್ಧರಿಸದೆ, ಗಾಳಿ ತುಂಬಿದ ಮೇಲೆ ಅಳೆದೇ ನೋಡಿ.