ಗ್ಯಾರೇಜಿನ ಎಕ್ಸಾಸ್ಟ್ ಫ್ಯಾನ್: 9 ಇಂಚೋ, 12 ಇಂಚೋ?

ತೀರ್ಥಹಳ್ಳಿಯ ನಿಮ್ಮ ಗ್ಯಾರೇಜಿನಲ್ಲಿ 9 ಇಂಚಿನ ಫ್ಯಾನ್ ಹಾಕಿದರೂ ಹೊಗೆ ವಾಸನೆ, ಬೂಷ್ಟು ಹೋಗುತ್ತಿಲ್ಲ ಅಂದಿದ್ದೀರಿ. ಫ್ಯಾನ್ ಚಿಕ್ಕದಾಯಿತು ಅಂತ ನನಗನ್ನಿಸುವುದಿಲ್ಲ. ಶಟರ್ ಎಳೆದ ಮೇಲೆ ಒಳಗೆ ಗಾಳಿ ಬರುವುದಕ್ಕೆ ದಾರಿಯೇ ಇಲ್ಲ, ಬಹುಶಃ ಅದೇ ಕಾರಣ. ಫ್ಯಾನ್ ಓಡುವಾಗ ಶಟರಿನ ಕೆಳಗಿನ ಸಂದಿಗೆ ತೆಳು ಕಾಗದ ಹಿಡಿಯಿರಿ. ಜೋರಾಗಿ ಒಳಕ್ಕೆ ಎಳೆದುಕೊಂಡರೆ ಅದೇ ಸಮಸ್ಯೆ.

ಮೊದಲು ಎದುರು ಗೋಡೆಯಲ್ಲಿ, ನೆಲದಿಂದ ಒಂದಡಿ ಮೇಲೆ, ಫ್ಯಾನಿನ ಕಿಂಡಿಗಿಂತ ದೊಡ್ಡದಾಗಿ ಒಂದು ಜಾಲಿ ಬಿಡಿಸಿ. ಸೊಳ್ಳೆ ಪರದೆ ಹಾಕುವುದಾದರೆ ಇನ್ನೂ ದೊಡ್ಡದು ಬೇಕು, ಪರದೆ ಗಾಳಿ ತಡೆಯುತ್ತದೆ.

ಆಮೇಲೆ ಲೆಕ್ಕ. 20 ಅಡಿ ಉದ್ದ, 10 ಅಗಲ, 10 ಎತ್ತರ ಅಂದರೆ 2,000 ಘನ ಅಡಿ, ಅಂದರೆ ಸುಮಾರು 57 ಘನ ಮೀಟರ್. ಗಂಟೆಗೆ 10 ಸಲ ಗಾಳಿ ಬದಲಾಗಲು ಫ್ಯಾನ್ ಗಂಟೆಗೆ ಸುಮಾರು 570 ಘನ ಮೀಟರ್ ಗಾಳಿ ಹೊರಹಾಕಬೇಕು. ಡಬ್ಬದ ಮೇಲೆ ಈ ಅಂಕಿ ನೋಡಿ. 700–800 ಇದ್ದರೆ ಧಾರಾಳ, 12 ಇಂಚು ಸುಮ್ನೆ ಖರ್ಚು ಮತ್ತು ಸದ್ದು.

ಮಳೆಗಾಲದ ಗಾಳಿ ಪಶ್ಚಿಮದಿಂದ ಬೀಸುತ್ತದೆ ಅಲ್ವಾ, ಆದ್ದರಿಂದ ಫ್ಯಾನ್ ಪೂರ್ವದ ಗೋಡೆಯಲ್ಲಿರಲಿ. ಹೊರಗೆ ಮಳೆ ತಡೆಯುವ ಮುಚ್ಚಳ ಬೇಕೇ ಬೇಕು.

ಬೂಷ್ಟಿನ ಮಾತು ಬೇರೆ. ಜುಲೈಯಲ್ಲಿ ಹೊರಗಿನ ಗಾಳಿಯೇ ಒದ್ದೆ, ದಿನವಿಡೀ ಓಡಿಸಿದರೆ ತೇವ ಒಳಗೆ ಬರುತ್ತದೆ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆಲ್ಲ ಟೇಪ್ ಅಂಟಿಸಿ, ಮರುದಿನ ತೆಗೆದು ನೋಡಿ. ಅಡಿಯಲ್ಲಿ ಹನಿ ಇದ್ದರೆ ತೇವ ನೆಲದಿಂದಲೇ ಬರುತ್ತಿದೆ, ಫ್ಯಾನ್ ಬದಲಿಸಿ ಪ್ರಯೋಜನವಿಲ್ಲ.

ಯಾವ ಫ್ಯಾನ್ ಇದ್ದರೂ ಶಟರ್ ಮುಚ್ಚಿ ಇಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ.